ಸುಲಭ ಪದದ ತೊಡಕು: ‘ದುಕ್ಖ’ವೂ ಕನ್ನಡದ ‘ದುಃಖ’ವೂ

ಬೌದ್ಧನಲ್ಲದ ಗೆಳೆಯನಿಗೆ ಬುದ್ಧನ ಬೋಧನೆಯ ತಿರುಳನ್ನು ಸರಳವಾಗಿ ತಿಳಿಸಹೊರಟವರು ಸಾಮಾನ್ಯವಾಗಿ ನಾಲ್ಕು ಆರ್ಯಸತ್ಯಗಳಿಂದ ತೊಡಗುತ್ತಾರೆ, ಮೊದಲನೆಯದರಲ್ಲೇ ಎಡವುತ್ತಾರೆ. ಪಾಲಿಯ ‘ದುಕ್ಖ’ಕ್ಕೆ ಇಂಗ್ಲಿಷಿನ ಅನುವಾದಕನು ಸಮಾನಪದವನ್ನು ಹುಡುಕಬೇಕು, ಹುಡುಕುವಾಗ ಅರ್ಥದ ವಿಚಾರ ತಾನಾಗಿ ಬರುತ್ತದೆ. ಕನ್ನಡದ ವಿವರಣಕಾರನಿಗೆ ಆ ಶ್ರಮವಿಲ್ಲ. ‘ದುಃಖ’ವೆಂಬ ಪದ ಸಿದ್ಧವಾಗಿಯೇ ಇದೆ. ತೊಡಕಿರುವುದೂ ಅಲ್ಲಿಯೇ.

ಕನ್ನಡದ ದುಃಖ ಉಮ್ಮಳಿಸಿ ಬರುವಂಥದು, ಕಣ್ಣೀರಿನೊಡನೆ ಹರಿದುಹೋಗುವಂಥದು. ಗಡಿನಾಡಿನ ಕನ್ನಡಿಗನಿಗೆ ಎರಡನೆಯ ಭಾಷೆಯೂ ಇಲ್ಲಿ ನೆರವಾಗದು. ಸೊಲ್ಲಾಪುರದ ಮರಾಠಿ, ಕಾಸರಗೋಡಿನ ಮಲಯಾಳ, ಆದವಾನಿಯ ತೆಲುಗು ಎಲ್ಲದರಲ್ಲೂ ಪದ ಅದೇ, ಭಾವ ಬಹುಮಟ್ಟಿಗೆ ಅದೇ. ಹೊಸೂರು, ತಾಳವಾಡಿಗಳ ತಮಿಳಿನಲ್ಲಂತೂ ‘ತುಕ್ಕಂ’ ವಿಚಾರಿಸುವುದೆಂದರೆ ಸಾವಿನ ಮನೆಗೆ ಹೋಗಿಬರುವುದು. ‘ಬದುಕು ದುಃಖಮಯ’ ಎಂಬ ಮಾತನ್ನು ಕೇಳಿದವನು ಇದು ಅಳುವವರ ಧರ್ಮವೆಂದು ಬಗೆದರೆ ತಪ್ಪು ಅವನದಲ್ಲ. ವಿವರಣೆಗೆಂದು ಎಲ್ಲರೂ ಎತ್ತಿಕೊಳ್ಳುವ ಕಿಸಾಗೋತಮಿಯ ಸಾಸಿವೆಯ ಕಥೆಯೂ, ಎಷ್ಟೇ ಮನಮುಟ್ಟಲಿ, ಈ ತಪ್ಪನ್ನು ಗಟ್ಟಿಮಾಡುತ್ತದೆ.

ಮೊದಲ ಉಪದೇಶದ ಪಾಠ ಹೇಳುವುದು ಇದಕ್ಕಿಂತ ಹೆಚ್ಚಿನದನ್ನು. ಹುಟ್ಟು, ಮುಪ್ಪು, ಸಾವು, ಅಪ್ರಿಯರ ಕೂಟ, ಪ್ರಿಯರ ಅಗಲಿಕೆ ಇವುಗಳನ್ನು ಎಣಿಸಿದ ಮೇಲೆ, ಸಂಕ್ಷೇಪವಾಗಿ ಐದು ಉಪಾದಾನಸ್ಕಂಧಗಳೇ ದುಕ್ಖವೆಂದು ಅದು ಮುಗಿಯುತ್ತದೆ. ಪಟ್ಟಿಯನ್ನು ಒಪ್ಪಿಸುವವರು ಈ ಕೊನೆಯ ವಾಕ್ಯವನ್ನು ಕಠಿಣವೆಂದು ಬಿಡುತ್ತಾರೆ. ತಿರುಳು ಇರುವುದು ಅದರಲ್ಲಿ. ಪಾಲಿ ಪರಂಪರೆ ನೋವಿನ ದುಕ್ಖದ ಜೊತೆಗೆ ಮಾರ್ಪಾಟಿನ ದುಕ್ಖವನ್ನೂ ಸಂಸ್ಕಾರದ ದುಕ್ಖವನ್ನೂ ಹೇಳುತ್ತದೆ. ದೂರದ ಊರಿನಿಂದ ಮಗ ರಜೆಗೆ ಬಂದ ಸಂಜೆಯೇ ತಾಯಿ ಅವನು ಹೊರಡುವ ದಿನವನ್ನು ಎಣಿಸುತ್ತಾಳೆ. ಮನೆಯಲ್ಲಿ ಯಾರೂ ಅಳುತ್ತಿಲ್ಲ, ಹಬ್ಬದ ಅಡುಗೆಯಾಗುತ್ತಿದೆ. ಮಾರ್ಪಾಟಿನ ದುಕ್ಖವೆಂದರೆ ಇದು. ಕನ್ನಡದ ಯಾವ ಕೇಳುಗನೂ ಇದನ್ನು ‘ದುಃಖ’ವೆನ್ನಲಾರ, ಆದರೆ ಇದನ್ನು ಅರಿಯದವನೂ ಇಲ್ಲ.

ಈ ತೊಡಕನ್ನು ನೇರವಾಗಿ ಎದುರಿಸಿದವರು ಅಂಬೇಡ್ಕರ್. ಅವರ ಮರಣಾನಂತರ 1957ರಲ್ಲಿ ಪ್ರಕಟವಾದ ‘ಬುದ್ಧ ಮತ್ತು ಅವನ ಧಮ್ಮ’ದ ಪೀಠಿಕೆಯಲ್ಲಿ, ಆರ್ಯಸತ್ಯಗಳ ಸೂತ್ರ ಬೌದ್ಧರಲ್ಲದವರಿಗೆ ದೊಡ್ಡ ಅಡ್ಡಿಯಾಗಿದೆಯೆಂದು ಹೇಳಿ, ಅದು ಮೂಲಬೋಧನೆಯ ಭಾಗವೇ ಎಂಬ ಪ್ರಶ್ನೆಯನ್ನೇ ಎತ್ತಿದರು. ಗ್ರಂಥದೊಳಗೆ ಅವರು ಧಮ್ಮದ ಕೇಂದ್ರದಲ್ಲಿ ಮನುಷ್ಯನನ್ನೂ ಮನುಷ್ಯರ ಪರಸ್ಪರ ಸಂಬಂಧವನ್ನೂ ಇರಿಸಿದರು. ದುಃಖದೊಳಗೆ ಬಡತನಕ್ಕೂ ಸ್ಥಾನ ಬಂದಿತು. ಇದರಿಂದ ಪದ ಅಳುವಿನಿಂದ ಬಿಡುಗಡೆಗೊಂಡು ತೊಲಗಿಸಬಹುದಾದ ಸ್ಥಿತಿಯ ಹೆಸರಾಯಿತು. ಸಲ್ಲಬೇಕಾದ ಮೆಚ್ಚುಗೆ ಸಲ್ಲಲಿ. ಆದರೆ ಹಬ್ಬದ ಅಡುಗೆಯ ಮನೆಯಲ್ಲಿರುವ ದುಕ್ಖ ಈ ವಿವರಣೆಯಲ್ಲಿ ಹಿಂದೆ ಸರಿಯಿತು. ಅನ್ಯಾಯವಳಿದ ಸಮಾಜದಲ್ಲೂ ಆ ತಾಯಿ ದಿನ ಎಣಿಸುತ್ತಾಳೆ.

ಅಂಬೇಡ್ಕರರು ‘ಧರ್ಮ’ವನ್ನು ಬಿಟ್ಟು ‘ಧಮ್ಮ’ವನ್ನು ಹಿಡಿದುದರ ಫಲ ಕನ್ನಡದಲ್ಲೂ ಕಾಣುತ್ತದೆ. ಆ ಒತ್ತಕ್ಷರದ ಬಳಿ ಓದುಗ ಒಂದು ಗಳಿಗೆ ನಿಲ್ಲುತ್ತಾನೆ, ಇದು ತಾನು ಬಲ್ಲ ಧರ್ಮವಲ್ಲವೆಂದು ಎಚ್ಚರಗೊಳ್ಳುತ್ತಾನೆ. ‘ದುಕ್ಖ’ಕ್ಕೆ ಆ ಭಾಗ್ಯ ಒದಗಲಿಲ್ಲ, ಧಮ್ಮವೆಂದು ಬರೆಯುವ ಲೇಖನಿಗಳೇ ಮುಂದಿನ ಸಾಲಿನಲ್ಲಿ ಸಂಕೋಚವಿಲ್ಲದೆ ವಿಸರ್ಗ ಹಾಕುತ್ತವೆ. ಪಾಲಿಯ ರೂಪವನ್ನೇ ಉಳಿಸಿಕೊಂಡರೆ ಆಡುಮಾತಿನ ‘ದುಕ್ಕ’ದೊಡನೆ ಅದು ಬೆರೆತುಹೋಗುವ ಭಯವಿದೆ, ನಿಜ. ‘ಅತೃಪ್ತಿ’ ಎಂದರೆ ಆಸೆಪಟ್ಟವನ ದೂರಿನಂತೆ ಕೇಳಿಸುತ್ತದೆ. ‘ನೆಲೆಗೇಡು’ ಹತ್ತಿರ ಬರುತ್ತದೆ, ಆದರೆ ನೋವನ್ನು ಒಳಗೊಳ್ಳದು. ಒಂದೇ ಪದಕ್ಕೆ ಹಟ ಹಿಡಿಯುವ ಬದಲು ಮೂರು ಬಗೆಗಳಿಗೂ ಒಂದೊಂದು ಮನೆವಾರ್ತೆಯ ಉದಾಹರಣೆ ಕೊಟ್ಟು, ಆಮೇಲೆ ಪಾಲಿಯ ಹೆಸರನ್ನು ಹೇಳಿದರೆ, ಎದುರಿಗೆ ಕುಳಿತ ಗೆಳೆಯ ಎರಡನೆಯ ಸತ್ಯವನ್ನು ತಾನಾಗಿಯೇ ಕೇಳುತ್ತಾನೆ.