ಕಬ್ಬಿನ ಹಂಗಾಮಿನ ಕೆಂಗಣ್ಣು

ಸಂಕೇಶ್ವರದ ಸುತ್ತ ಕಬ್ಬು ನುರಿಸುವ ಹಂಗಾಮು ಶುರುವಾಯಿತೆಂದರೆ ರಸ್ತೆ ತುಂಬ ಟ್ರ್ಯಾಕ್ಟರು, ಹೊಲದ ತುಂಬ ಕಡಿಯುವ ಗ್ಯಾಂಗು. ಹುಕ್ಕೇರಿ, ಗೋಕಾಕ, ಮೂಡಲಗಿ ಕಡೆಯ ಕಣ್ಣಿನ ಡಾಕ್ಟರರಿಗೆ ಆಗ ಒಂದು ದೂರು ಚಿರಪರಿಚಿತ: "ಕಣ್ಣಾಗ ರವದಿ ಬಡದೈತ್ರಿ, ಸಾಹೇಬ್ರ." ರವದಿ ಎಂದರೆ ಕಬ್ಬಿನ ಗರಿ. ಹಾಗೆಂದವನ ಕಣ್ಣು ಕೆಂಪಗಿರುತ್ತದೆ, ನೀರು ಸುರಿಯುತ್ತಿರುತ್ತದೆ. ಪಕ್ಕದ ಬೆಂಚಿನಲ್ಲಿ ಕೂತ ಶಾಲೆಯ ಹುಡುಗನದ್ದೂ ಹಾಗೇ. ಆದರೆ ಹುಡುಗನದು ಎರಡು ವಾರದೊಳಗೆ ತಾನಾಗಿ ವಾಸಿಯಾಗುವ ಕಣ್ಣುಬೇನೆ, ಇವನದು ವಾರದಲ್ಲಿ ದೃಷ್ಟಿಯನ್ನೇ ನುಂಗಬಲ್ಲ ಹುಣ್ಣು. ಈ ಎರಡು ಕೆಂಪುಗಳನ್ನು ಬೇರೆ ಮಾಡಿ ನೋಡುವುದರಲ್ಲೇ ಕಣ್ಣಿನ ವೈದ್ಯನ ಕಸುಬುಗಾರಿಕೆ ಇರುವುದು.

ಅದಕ್ಕೆ ಮೊದಲು ಬೇಕಾದದ್ದು ಒಂದು ಟಾರ್ಚು, ಸ್ವಲ್ಪ ತಾಳ್ಮೆ. 2023ರ ಜುಲೈ-ಆಗಸ್ಟಿನಲ್ಲಿ ರಾಜ್ಯದ ತುಂಬ ಹಬ್ಬಿದ 'ಮದ್ರಾಸ್ ಐ' ನೆನಪಿಸಿಕೊಳ್ಳಿ. ಅದರಲ್ಲಿ ಕೆಂಪು ರೆಪ್ಪೆಯ ಒಳಮೈಯಲ್ಲಿ ದಟ್ಟವಾಗಿದ್ದು ಕರಿಗುಡ್ಡೆಯತ್ತ ಬರುತ್ತ ತಿಳಿಯಾಗುತ್ತದೆ. ಪಿಸುರು ಬರುತ್ತದೆ, ಒಂದು ಕಣ್ಣಿನಿಂದ ಇನ್ನೊಂದಕ್ಕೆ, ಒಬ್ಬರಿಂದ ಮನೆಮಂದಿಗೆಲ್ಲ ದಾಟುತ್ತದೆ. ದೃಷ್ಟಿ ಮಾತ್ರ ಸಾಮಾನ್ಯವಾಗಿ ಕೆಡುವುದಿಲ್ಲ. ಕೆಂಪು ಕರಿಗುಡ್ಡೆಯ ಸುತ್ತ ಬಳೆ ಕಟ್ಟಿದಂತಿದ್ದು ಪಾಪೆ ಸಣ್ಣದಾಗಿದ್ದರೆ ಉರಿಯೂತ ಒಳಗಿದೆ ಎಂದು ಸಂಶಯಪಡಬೇಕು. ಪಾಪೆ ಅರ್ಧ ಅಗಲವಾಗಿ ಬೆಳಕಿಗೂ ಅಲುಗದೆ, ತಲೆ ಸಿಡಿದು ವಾಂತಿಯೂ ಆಗುತ್ತಿದ್ದರೆ ಕಣ್ಣಿನ ಒತ್ತಡ ಏರಿರುವ ಗ್ಲಾಕೋಮಾ. ಪಿತ್ತ ಕೆರಳಿತೆಂದು ಹೊಟ್ಟೆಗೆ ಔಷಧಿ ಕೊಟ್ಟು ರಾತ್ರಿ ಕಳೆದರೆ ಆ ಕಣ್ಣು ಕೈಬಿಟ್ಟು ಹೋಗಬಹುದು. ಸಂಕೇಶ್ವರದ ಹೆಸರಾಂತ ಮೆಣಸಿನಕಾಯಿಯ ಕೈ ಕಣ್ಣಿಗೆ ತಾಗಿ ಬಂದವರೂ ಇದ್ದಾರೆ. ಉರಿ ಭಯಂಕರ, ಹೆದರಿಕೆ ಅದಕ್ಕಿಂತ ದೊಡ್ಡದು. ಹೆಚ್ಚಿನವರಿಗೆ ಧಾರಾಳ ನೀರಿನಲ್ಲಿ ತೊಳೆದರೆ ಸಾಕು.

ಕಬ್ಬಿನ ಗರಿ ಹಾಗಲ್ಲ. ಅದರ ಅಂಚಿನಲ್ಲಿ ಸಿಲಿಕಾ ತುಂಬಿದ ಸಣ್ಣ ಗರಗಸದ ಹಲ್ಲುಗಳಿವೆ. ಅವು ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರವನ್ನು, ಅಂದರೆ ಕಾರ್ನಿಯಾವನ್ನು ಗೀರುತ್ತವೆ. ಫ್ಲೋರೆಸಿನ್ ಪಟ್ಟಿ ತಾಗಿಸಿ ನೀಲಿ ಬೆಳಕು ಬಿಟ್ಟರೆ ಗೀರು ಹಸಿರಾಗಿ ಹೊಳೆಯುತ್ತದೆ. ಆ ಗೀರಿನೊಳಗೆ ಫ್ಯುಸೇರಿಯಂ, ಆಸ್ಪರ್ಜಿಲಸ್ ಜಾತಿಯ ಬೂಸ್ಟು ಬೇರೂರಿದರೆ ಬೂದು-ಬಿಳಿ ಮಚ್ಚೆ ಏಳುತ್ತದೆ. ಅಂಚು ಪುಕ್ಕದ ಹಾಗೆ ಹರಡಿರುತ್ತದೆ, ಸುತ್ತ ಪುಟಾಣಿ ಚುಕ್ಕೆಗಳೂ ಇರಬಹುದು. ಕೆರೆದು ತೆಗೆದ ಚೂರಿಗೆ ಪೊಟ್ಯಾಷಿಯಂ ಹೈಡ್ರಾಕ್ಸೈಡ್ ಹಾಕಿ ಸೂಕ್ಷ್ಮದರ್ಶಕದಡಿ ಇಟ್ಟರೆ ಬೂಸ್ಟಿನ ಎಳೆಗಳು ಕೆಲವೇ ನಿಮಿಷದಲ್ಲಿ ಕಾಣಿಸುತ್ತವೆ. ಮದ್ದು, ಶೇ. 5ರ ನಟಾಮೈಸಿನ್ ಹನಿ. ಹೊಸ ಔಷಧಿ ವೊರಿಕೊನಜೋಲ್‌ಗಿಂತ ಈ ಹಳೆಯದೇ ಮೇಲು, ಅದರಲ್ಲೂ ಫ್ಯುಸೇರಿಯಂಗೆ, ಎಂದು ಮದುರೆಯ ಅರವಿಂದ ಕಣ್ಣಾಸ್ಪತ್ರೆ ಪಾಲ್ಗೊಂಡ, 2013ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿಕೊಟ್ಟಿತು.

ಇಲ್ಲೇ ದೊಡ್ಡ ಅನಾಹುತ ನಡೆಯುವುದು. ಔಷಧಿ ಅಂಗಡಿಯವರು "ಕೆಂಪು ಇಳೀತೈತಿ" ಎಂದು ಕೊಡುವ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಬೆರೆತ ಹನಿಯಿಂದ ಕೆಂಪು ನಿಜಕ್ಕೂ ಇಳಿಯುತ್ತದೆ, ನೋವೂ ತಗ್ಗುತ್ತದೆ. ಆದರೆ ಅದರಿಂದ ದೇಹದ ಪ್ರತಿರೋಧವೂ ಕುಗ್ಗಿ ಬೂಸ್ಟಿಗೆ ದಾರಿ ಸಲೀಸಾಗುತ್ತದೆ. ಎದೆಹಾಲು, ಹರಳೆಣ್ಣೆ, ಸೊಪ್ಪಿನ ರಸ ಹಿಂಡುವುದೂ ಬೇಡ; ಆದರೂ ಇವಕ್ಕಿಂತ ಆ ಪುಟ್ಟ ಸ್ಟೀರಾಯ್ಡ್ ಬಾಟಲಿಯೇ ಹೆಚ್ಚು ಮೋಸಗಾರ.

ಈ ಸೀಮೆಗೆ ಕಣ್ಣಿನ ವೈದ್ಯ ಎಂದರೆ ತಟ್ಟನೆ ನೆನಪಾಗುವವರು ಬೀಳಗಿಯಲ್ಲಿ 1916ರಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿ. ಒಂದೇ ದಿನದಲ್ಲಿ 833 ಮೋತಿಬಿಂದು ಶಸ್ತ್ರಚಿಕಿತ್ಸೆ ಮಾಡಿ ಗಿನ್ನೆಸ್ ದಾಖಲೆ ಸೇರಿದ, ಪದ್ಮಭೂಷಣ ಪಡೆದ ಮಹನೀಯರು. ಅವರ ಶಿಬಿರಗಳು ಹಳ್ಳಿಗಳ ಮುದುಕರಿಗೆ ಮತ್ತೆ ಮೊಮ್ಮಕ್ಕಳ ಮುಖ ತೋರಿಸಿದವು. ಆದರೆ ಶಿಬಿರದ ಆ ಯಶಸ್ಸು ಒಂದು ರೂಢಿಯನ್ನೂ ಬಿಟ್ಟುಹೋಯಿತು: ಕಣ್ಣಿನ ತೊಂದರೆ ಶಿಬಿರದ ತಾರೀಖಿಗೆ ಕಾಯಬಹುದು ಎಂಬ ನಂಬಿಕೆ. ಮೋತಿಬಿಂದು ಕೆಲ ತಿಂಗಳು ಕಾದೀತು. (ಅದನ್ನೂ 'ಹಣ್ಣಾಗಲಿ' ಎಂದು ವರ್ಷಗಟ್ಟಲೆ ಬಿಡುವ ಕಾಲ ಹೋಯಿತು, ಅತಿಯಾಗಿ ಬಲಿತರೆ ಅದೇ ಗ್ಲಾಕೋಮಾ ತರಬಲ್ಲದು.) ಗೀರು ಬಿದ್ದ ಕಣ್ಣಿನ ಲೆಕ್ಕ ಗಂಟೆಗಳದ್ದು.

ಇದನ್ನು ಸೊಗಸಾಗಿ ಕಂಡುಕೊಂಡದ್ದು ನೇಪಾಳದ ಭಕ್ತಪುರದಲ್ಲಿ. ಅಲ್ಲಿ ತರಬೇತಾದ ಹಳ್ಳಿಯ ಕಾರ್ಯಕರ್ತರೇ ಗೀರು ಬಿದ್ದವರಿಗೆ ಶೇ. 1ರ ಕ್ಲೋರಾಂಫೆನಿಕಾಲ್ ಮುಲಾಮನ್ನು ದಿನಕ್ಕೆ ಮೂರು ಸಲದಂತೆ ಮೂರು ದಿನ ಹಚ್ಚಿದರು. ಪೆಟ್ಟಾದ 18 ಗಂಟೆಯೊಳಗೆ ಹಚ್ಚಿಸಿಕೊಂಡ ಒಬ್ಬರಿಗೂ ಹುಣ್ಣಾಗಲಿಲ್ಲ. 2001ರಲ್ಲಿ ಪ್ರಕಟವಾದ ಈ ವರದಿಯ ಔಷಧಿ ನಮ್ಮಲ್ಲಿ ಹೊಸದಲ್ಲ: 'ಅಪ್ಲಿಕ್ಯಾಪ್' ಎಂಬ ಪುಟ್ಟ ಕ್ಯಾಪ್ಸೂಲಿನಲ್ಲಿ ಬರುವ ಅದೇ ಮುಲಾಮು. ಗ್ಯಾಂಗಿನವರ ಗುಡಿಸಲಿಂದ ಗುಡಿಸಲಿಗೆ ತಿರುಗಬಲ್ಲ ಆಶಾ ಕಾರ್ಯಕರ್ತೆಗೆ ಇದನ್ನು ಕಲಿಸುವುದು ಕಷ್ಟವೇನಲ್ಲ.

ಕಲೆ ಉಳಿದು ಕಣ್ಣಲ್ಲಿ ಹೂವು ಬಿದ್ದ ಮೇಲೆ ದೃಷ್ಟಿ ಮರಳಲು ಬಹಳ ಸಲ ಕಾರ್ನಿಯಾ ಕಸಿಯೇ ಬೇಕು. ಅದಕ್ಕೆ ಯಾರಾದರೂ ತೀರಿಕೊಂಡ ಆರು ಗಂಟೆಯೊಳಗೆ ಮನೆಯವರು ನೇತ್ರದಾನಕ್ಕೆ ಒಪ್ಪಿರಬೇಕು. ಆದ್ದರಿಂದ ಈ ಹಂಗಾಮಿನಲ್ಲಿ ಗ್ಯಾಂಗಿನ ಮುಖಂಡರಲ್ಲಿ ಒಂದೇ ವಿನಂತಿ: ರವದಿ ಬಡಿದವನನ್ನು ಅಂದೇ ಕಣ್ಣಿನ ಡಾಕ್ಟರ ಹತ್ತಿರ ಕಳಿಸಿ, ಅವನ ಆ ದಿನದ ಕೂಲಿ ಮುರಿಯಬೇಡಿ.