ಮೂರು ವಿಷಯ ಓದಿದವರು ಎಂ.ಎ.ಗೆ ಯಾವುದನ್ನು ಬಿಡಬೇಕು?

ಚನ್ನರಾಯಪಟ್ಟಣದಲ್ಲೋ ಅರಕಲಗೂಡಿನಲ್ಲೋ ಎಚ್‌ಇಕೆ ತೆಗೆದುಕೊಂಡು ಬಿ.ಎ. ಮುಗಿಸಿದ ಹುಡುಗಿ ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡ ಮೂರನ್ನೂ ಸಮನಾಗಿ ಓದಿರುತ್ತಾಳೆ. ಹಾಸನದ ಹೇಮಗಂಗೋತ್ರಿಗೆ ಎಂ.ಎ. ಅರ್ಜಿ ಹಾಕುವ ದಿನ ಎರಡನ್ನು ಕೈಬಿಟ್ಟು ಒಂದನ್ನು ಹಿಡಿಯಬೇಕು. ಮೂರೂ ಇಷ್ಟ ಎಂದರೆ ಉತ್ತರ ಹೇಳುವವರಿಲ್ಲ. ಮೂರು ವಿಷಯಗಳ ನಮ್ಮ ಹಳೆಯ ಪದವಿ ಒಳ್ಳೆಯದೇ. ಅದರ ಕೊರತೆ ಎಂದರೆ ಆ ಮೂರು ವಿಷಯಗಳು ಒಂದನ್ನೊಂದು ಎಂದೂ ಭೇಟಿಯಾಗುವುದಿಲ್ಲ. ಇತಿಹಾಸದ ಮೇಷ್ಟ್ರು ದತ್ತಿಶಾಸನದ ಬಗ್ಗೆ ಹೇಳಿ ಹೋಗುತ್ತಾರೆ, ಅರ್ಥಶಾಸ್ತ್ರದವರು ಭೂಕಂದಾಯ ಹೇಳಿ ಹೋಗುತ್ತಾರೆ, ಕನ್ನಡದವರು ಹಳಗನ್ನಡ ಪದ್ಯ ಬಿಡಿಸಿ ಹೋಗುತ್ತಾರೆ.

ಈ ಮೂವರೂ ಹೇಳಿದ್ದು ಒಂದೇ ಕಲ್ಲಿನ ಮೇಲಿದೆ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳಕ್ಕೆ ಹೋಗಿ ಚಂದ್ರಗಿರಿ ಹತ್ತಿದರೆ ಅದು ಕಾಣುತ್ತದೆ. ಸಲ್ಲೇಖನ ವ್ರತದಿಂದ ದೇಹ ಬಿಟ್ಟವರ ನಿಸಿದಿ ಬರಹಗಳನ್ನು ಓದಲು ಲಿಪಿ ಬೇಕು, ಛಂದಸ್ಸು ಬೇಕು, ಜೈನ ದರ್ಶನ ಗೊತ್ತಿರಬೇಕು. ಬಸದಿಗೆ ಬಿಟ್ಟ ಭೂಮಿಯ ಲೆಕ್ಕ ಹಿಡಿಯಲು ಆ ಕಾಲದ ತೆರಿಗೆ, ಅಳತೆಗಳ ಅರಿವು ಬೇಕು. ಬಿ.ಎಲ್. ರೈಸ್ 1889ರಲ್ಲಿ ಈ ಊರಿನ 144 ಶಾಸನಗಳನ್ನು ಪ್ರಕಟಿಸಿದರು. ಆರ್. ನರಸಿಂಹಾಚಾರ್ಯರ 1923ರ ಪರಿಷ್ಕರಣೆಯಲ್ಲಿ ಅವು 500 ಆದವು. 1973ರಲ್ಲಿ ಮೈಸೂರಿನ ಕನ್ನಡ ಅಧ್ಯಯನ ಸಂಸ್ಥೆ ಹೊರತಂದ ಸಂಪುಟದಲ್ಲಿ 573. ಇದು ಒಂದು ವಿಭಾಗದ ಕೆಲಸವಲ್ಲ. 1966ರಲ್ಲಿ ಹುಟ್ಟಿದ ಆ ಸಂಸ್ಥೆ ಸಾಹಿತ್ಯ, ಭಾಷಾವಿಜ್ಞಾನ, ಜಾನಪದಗಳನ್ನು ಒಂದೇ ಸೂರಿನಡಿ ತಂದಿತು. ಅಂತರ್‌ಶಿಸ್ತೀಯ ಎಂಬ ಮಾತು ಫ್ಯಾಷನ್ ಆಗುವ ಎಷ್ಟೋ ಮೊದಲು ಕನ್ನಡದಲ್ಲೇ ಅದು ನಡೆದಿತ್ತು ಎಂಬುದನ್ನು ನಾವು ಮರೆತಿದ್ದೇವೆ.

ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ ಎಂದರೆ ಎಲ್ಲರಿಗೂ ಸಂಗೀತ ನೆನಪಾಗುತ್ತದೆ. ಆರ್. ಶಾಮಶಾಸ್ತ್ರಿಗಳು ಹುಟ್ಟಿದ್ದೂ ಅಲ್ಲೇ, 1868ರಲ್ಲಿ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿದ್ದಾಗ ಗ್ರಂಥ ಲಿಪಿಯ ಓಲೆಗರಿಗಳಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ, 1909ರಲ್ಲಿ ಮೂಲವನ್ನೂ 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದರು. ನಾಣ್ಯ, ಗಣಿ, ನೀರಾವರಿ, ದಂಡನೀತಿ ಎಲ್ಲಕ್ಕೂ ಅವರು ಕೈಹಾಕಬೇಕಾಯಿತು. ಆದರೆ ಕಾಲೂರಿದ್ದು ಸಂಸ್ಕೃತದಲ್ಲಿ. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದ ಎಸ್.ಎಲ್. ಭೈರಪ್ಪನವರೂ ಹಾಗೆಯೇ. ಮೈಸೂರಿನಲ್ಲಿ ತತ್ತ್ವಶಾಸ್ತ್ರದ ಎಂ.ಎ. ಮಾಡಿ, ಬರೋಡಾದಲ್ಲಿ ಸತ್ಯಕ್ಕೂ ಸೌಂದರ್ಯಕ್ಕೂ ಇರುವ ನಂಟಿನ ಮೇಲೆ ಪಿಎಚ್.ಡಿ. ಪಡೆದರು. ಮಹಾಭಾರತದ ಸಮಾಜವನ್ನು ‘ಪರ್ವ’ದಲ್ಲೂ ಸಂಗೀತವನ್ನು ‘ಮಂದ್ರ’ದಲ್ಲೂ ಹೊಕ್ಕು ನೋಡಿದ್ದು ಆಮೇಲೆ. ಅವರ ನಿಲುವುಗಳನ್ನು ಒಪ್ಪದವರೂ ಈ ಓದಿನ ಹರವನ್ನು ಅಲ್ಲಗಳೆಯಲಾರರು. ಇಬ್ಬರೂ ಒಂದು ಶಾಸ್ತ್ರದಲ್ಲಿ ಗಟ್ಟಿಯಾಗಿ ನಿಂತು ಪಕ್ಕದ ಹೊಲಕ್ಕೆ ಹೋದವರು.

ಈಚಿನ ಪ್ರಯೋಗ ಎಡವಿದ್ದು ಇಲ್ಲೇ ಎಂದು ನನ್ನ ಅನಿಸಿಕೆ. ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಕರ್ನಾಟಕ 2021ರಲ್ಲಿ ಎಲ್ಲರಿಗಿಂತ ಮೊದಲು ಜಾರಿಗೆ ತಂದಿತು. ವಿಜ್ಞಾನದವರು ಸಾಹಿತ್ಯ ಓದಬಹುದು, ಕಲೆಯವರು ವಾಣಿಜ್ಯ ಓದಬಹುದು ಎಂಬ ಮುಕ್ತ ಆಯ್ಕೆ ಬಂತು. ಆಸೆ ದೊಡ್ಡದಿತ್ತು. ನಾನು ಕಂಡ ತಾಲ್ಲೂಕು ಕಾಲೇಜುಗಳಲ್ಲಿ ಆ ಆಯ್ಕೆ ಮಾಡಿದ್ದು ವಿದ್ಯಾರ್ಥಿಯಲ್ಲ, ವೇಳಾಪಟ್ಟಿ. ಯಾವ ಅತಿಥಿ ಉಪನ್ಯಾಸಕರು ಸಿಕ್ಕರೋ ಅದೇ ಮುಕ್ತ ಆಯ್ಕೆ. 2024ರಲ್ಲಿ ಸರ್ಕಾರ ಆ ನೀತಿಯನ್ನು ಬಿಟ್ಟು ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಬಂದದ್ದೂ ಅವಸರ, ಹೋದದ್ದೂ ಅವಸರ. ನಡುವೆ ಓದಿದವರ ಅನುಭವವನ್ನು ಕೂತು ಕೇಳಿದವರು ಕಡಿಮೆ.

ಹಾಗಾದರೆ ಈಗ ಆರಿಸುವುದು ಹೇಗೆ? ಪದವಿಯ ಹೆಸರು ನೋಡಿ ಮರುಳಾಗಬೇಡಿ. ನೆಟ್, ಕೆ-ಸೆಟ್ ಪರೀಕ್ಷೆಗಳು ವಿಷಯವಾರು ನಡೆಯುತ್ತವೆ, ಅಧ್ಯಾಪಕರ ನೇಮಕಾತಿಯಲ್ಲೂ ಯಾವ ವಿಷಯದ ಎಂ.ಎ. ಎಂದೇ ಕೇಳುತ್ತಾರೆ. ಎರಡು ಮೂರು ಶಾಸ್ತ್ರ ಬೆರೆತ ಪದವಿಗೆ ಸೇರುವ ಮುನ್ನ ಇದನ್ನು ಕಚೇರಿಯಲ್ಲಿ ನೇರವಾಗಿ ವಿಚಾರಿಸಿ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಅಭಿವೃದ್ಧಿ ಅಧ್ಯಯನದಂಥ ಎಂ.ಎ.ಗಳು ಅರ್ಥಶಾಸ್ತ್ರ, ಸಮಾಜಶಾಸ್ತ್ರ, ರಾಜಕೀಯವನ್ನು ನಿಜವಾಗಿ ಹೆಣೆಯುತ್ತವೆ, ಹಳ್ಳಿಯಲ್ಲಿ ನಿಂತು ಕಲಿಯುವ ಅವಕಾಶವನ್ನೂ ಕೊಡುತ್ತವೆ. ಆದರೆ ಅಲ್ಲಿನ ಓದು ಇಂಗ್ಲಿಷಿನಲ್ಲಿ. ಹೊಳೆನರಸೀಪುರದಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳಿಗೆ ಮೊದಲ ವರ್ಷ ಭಾಷೆಯೊಡನೆ ಗುದ್ದಾಡುವುದರಲ್ಲೇ ಕಳೆದುಹೋಗಬಹುದು. ಬುದ್ಧಿಗೆ ಕೊರತೆಯಿಲ್ಲ, ಮೆಟ್ಟಿಲು ಎತ್ತರ ಅಷ್ಟೆ.

ಮೆಟ್ಟಿಲನ್ನು ಇಲ್ಲೇ ಕಟ್ಟಬಹುದಿತ್ತು. ಮೈಸೂರು ವಿಶ್ವವಿದ್ಯಾಲಯದ ಕೇಂದ್ರವಾಗಿದ್ದ ಹೇಮಗಂಗೋತ್ರಿ 2023ರಲ್ಲಿ ಹಾಸನ ವಿಶ್ವವಿದ್ಯಾಲಯವಾಯಿತು. ಎರಡೇ ವರ್ಷಕ್ಕೆ ಉಳಿಸಬೇಕೋ ಮುಚ್ಚಬೇಕೋ ಎಂಬ ಮಾತು ಬಂತು. ಖರ್ಚಿನ ಲೆಕ್ಕ ನಡೆಯಿತೇ ಹೊರತು, ಈ ಜಿಲ್ಲೆಗೆ ಯಾವ ಓದು ಬೇಕು ಎಂಬ ಚರ್ಚೆ ನಡೆಯಲಿಲ್ಲ. ರಾಮನಾಥಪುರದ ಹರಾಜು ಕಟ್ಟೆಗೆ ತಂಬಾಕು ತರುವ ರೈತನ ಬದುಕಿನಲ್ಲಿ ಕೃಷಿ, ಸಾಲ, ಆರೋಗ್ಯ, ಎಲೆ ಹದಮಾಡುವ ಬ್ಯಾರನ್‌ಗೆ ಉರಿಯುವ ಸೌದೆ ಎಲ್ಲವೂ ಸೇರಿವೆ. ಸಕಲೇಶಪುರ, ಆಲೂರಿನ ತೋಟಗಳಿಗೆ ನುಗ್ಗುವ ಆನೆಯ ಸಮಸ್ಯೆ ಪ್ರಾಣಿಶಾಸ್ತ್ರದ್ದಷ್ಟೇ ಅಲ್ಲ, ಭೂಬಳಕೆಯದು, ಕಾನೂನಿನದು, ಕೂಲಿಯವರ ಜೀವದ್ದು. ಇಂಥ ಒಂದು ಪ್ರಶ್ನೆಯನ್ನು ನಡುವೆ ಇಟ್ಟು, ಎರಡು ವಿಭಾಗಗಳ ಅಧ್ಯಾಪಕರು ಒಂದೇ ತರಗತಿಯಲ್ಲಿ ಕೂತು ಕನ್ನಡದಲ್ಲಿ ಪಾಠ ಮಾಡುವ ಒಂದೇ ಒಂದು ಎಂ.ಎ. ಶುರುವಾಗಲಿ. ಹಾಸನದ ಅಧ್ಯಾಪಕರು, ಜನಪ್ರತಿನಿಧಿಗಳು ಇದನ್ನು ಕೇಳಿ ಪಡೆಯಬೇಕು. ಅಲ್ಲಿಯವರೆಗೆ, ಅರ್ಜಿ ತುಂಬುತ್ತಿರುವ ಮಕ್ಕಳೇ, ನಿಮ್ಮನ್ನು ಕಾಡುವ ಪ್ರಶ್ನೆಯನ್ನು ಮೊದಲು ಒಂದು ಹಾಳೆಯಲ್ಲಿ ಬರೆಯಿರಿ. ಅದಕ್ಕೆ ಹೆಚ್ಚು ಬೇಕಾಗುವ ಶಾಸ್ತ್ರಕ್ಕೆ ಸೇರಿ, ಉಳಿದೆರಡರ ಪುಸ್ತಕಗಳನ್ನು ಮಾರಬೇಡಿ.