ಗೋಡೆಗೆ ಬರೆದ ಕಿಟಕಿ

ಜಿಮ್ ಜಾರ್ಮುಶ್ ಅವರ ‘ಡೌನ್ ಬೈ ಲಾ’ (1986) ಚಿತ್ರ ನಡೆಯುವುದು ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ. ನಿರ್ಮಾಣದಲ್ಲಿ ಆಗಿನ ಪಶ್ಚಿಮ ಜರ್ಮನಿಯ ಓಟೋ ಗ್ರೋಕೆನ್‌ಬರ್ಗರ್ ಅವರ ಪಾಲೂ ಇತ್ತು. ಇದರ ಡಚ್ ಛಾಯಾಗ್ರಾಹಕ ರಾಬಿ ಮ್ಯೂಲರ್ ಜರ್ಮನಿಯ ವಿಮ್ ವೆಂಡರ್ಸ್ ಚಿತ್ರಗಳಲ್ಲಿ ಪಳಗಿದವರು. ಅವರ ಕಪ್ಪು-ಬಿಳುಪಿನಲ್ಲಿ ಜೈಲಿನ ಗೋಡೆಯೂ ಚೆಲುವಾಗಿ ಕಾಣುತ್ತದೆ.

ಯಾರದೋ ಪಿತೂರಿಗೆ ಸಿಕ್ಕು ಒಳಗೆ ಬಂದ ಜ್ಯಾಕ್ (ಜಾನ್ ಲೂರಿ) ಮತ್ತು ಝ್ಯಾಕ್ (ಟಾಮ್ ವೇಟ್ಸ್) ಮುಖ ಕೊಟ್ಟು ಮಾತಾಡುವುದಿಲ್ಲ. ಆಮೇಲೆ ಬರುವ ಇಟಲಿಯ ಬಾಬ್ (ರಾಬರ್ಟೊ ಬೆನಿನಿ) ನಿಜಕ್ಕೂ ಒಬ್ಬನನ್ನು ಕೊಂದವನು. ಮೂವರಲ್ಲಿ ಮಗುವಿನ ಮನಸ್ಸೂ ಅವನದೇ! ಅರೆಬರೆ ಇಂಗ್ಲಿಷ್, ಗೋಡೆಗೆ ಗೀಚಿದ ಕಿಟಕಿ, ಐಸ್‌ಕ್ರೀಮಿನ ಶಿಶುಪ್ರಾಸ, ಇಷ್ಟರಿಂದಲೇ ಆ ಇಬ್ಬರನ್ನೂ ಎಬ್ಬಿಸಿ ಕುಣಿಸುತ್ತಾನೆ. ಪರಾರಿಯಾದ ಬಗೆಯನ್ನು ಜಾರ್ಮುಶ್ ತೋರಿಸುವುದೇ ಇಲ್ಲ. ಕಾಡಿನಲ್ಲಿ ಬಾಬ್ ಮೊಲ ಸುಡುವುದು, ಜಗಳವಾಡಿ ದೂರ ಹೋದವರು ಮರಳಿ ಬರುವುದು ಅವರಿಗೆ ಹೆಚ್ಚು ಮುಖ್ಯ. ನನಗೂ ಅಷ್ಟೇ.